ಎರಡೂ ಕಡೆ ಕೂತು ನೋಡಿದರೆ ಮಾತ್ರ ಗ್ಯಾಂಬಿಟ್ ಅರ್ಥವಾಗುತ್ತದೆ

ತಿಂಗಳಿಗೊಂದು ಭಾನುವಾರ ನನ್ನ ಚೆಸ್ ತರಗತಿಗೆ ಬರುವ ಮಕ್ಕಳಿಗೆ ಬೋರ್ಡ್ ಸ್ವಲ್ಪ ಬೇರೆ ಥರ ಕಾಣುತ್ತದೆ. ಮೊದಲ ಎರಡು ನಡೆಗಳನ್ನು ನಾನೇ ಆಡಿ ಇಟ್ಟಿರುತ್ತೇನೆ. ಮೂರನೆಯದರಿಂದ ಆಟ ಅವರದ್ದು. ಹೊಸದಾಗಿ ಸೇರಿದವರು ಕೇಳಿಯೇ ಕೇಳುತ್ತಾರೆ: "ಸರ್, ನಮ್ಮ ಓಪನಿಂಗ್ ನಾವೇ ಆಡಬಾರದಾ?"

1903ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಹತ್ತು ಜನ ಮಾಸ್ಟರ್‌ಗಳು ಇದೇ ಷರತ್ತಿಗೆ ಒಪ್ಪಿ ಕೂತಿದ್ದರು. ಚಿಗೋರಿನ್, ಮಾರ್ಷಲ್, ಪಿಲ್ಸ್‌ಬರಿ, ಮರೋಟ್ಸಿ, ಶ್ಲೆಕ್ಟರ್, ಟೈಕ್‌ಮನ್ ಎಲ್ಲ ಅಲ್ಲಿದ್ದರು. ಆಗಿನ ಚೆಸ್ ಲೋಕದ ದೊಡ್ಡ ಹೆಸರುಗಳು. ಪ್ರತಿಯೊಂದು ಆಟವೂ ಕಿಂಗ್ಸ್ ಗ್ಯಾಂಬಿಟ್‌ನಿಂದಲೇ ಶುರುವಾಗಬೇಕಿತ್ತು. ಗ್ಯಾಂಬಿಟ್ ಅಂದರೆ ಮುಂದಿನ ಲಾಭಕ್ಕಾಗಿ ಶುರುವಿನಲ್ಲೇ ಒಂದು ಕಾಯಿ ಬಿಟ್ಟುಕೊಡುವುದು. ಬಿಳಿ ಪಾನ್ (ಕಾಲಾಳು) ಇ4 ಮನೆಗೆ (ಅಕ್ಷರ ಉದ್ದಸಾಲಿಗೆ, ಅಂಕಿ ಅಡ್ಡಸಾಲಿಗೆ), ಕಪ್ಪು ಪಾನ್ ಇ5ಕ್ಕೆ, ಬಿಳಿಯ ಇನ್ನೊಂದು ಪಾನ್ ಎಫ್4ಕ್ಕೆ, ಕಪ್ಪು ಅದನ್ನು ಹೊಡೆಯಲೇಬೇಕು. ಬೇಡ ಅನ್ನುವ ಹಾಗಿಲ್ಲ.

ಮೀನು ಹಿಡಿಯಲು ಗಾಳಕ್ಕೆ ಎರೆಹುಳು ಸಿಕ್ಕಿಸುತ್ತಾರಲ್ವಾ, ಎಫ್ ಪಾನ್ ಇಲ್ಲಿ ಆ ಎರೆಹುಳು. ಕಪ್ಪು ಅದನ್ನು ನುಂಗಿದರೆ ಅದರ ಇ5 ಪಾನ್ ನಡುವಿನಿಂದ ಪಕ್ಕಕ್ಕೆ ಹೋಗುತ್ತದೆ. ಬಿಳಿಗೆ ನಡುಭಾಗದಲ್ಲಿ ಜಾಗ ಸಿಗುತ್ತದೆ. ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಆದ ಮೇಲೆ ಆನೆ ಎಫ್ ಸಾಲಿನಲ್ಲಿ ನಿಂತು ನೇರವಾಗಿ ಎಫ್7ರ ಕಡೆ ನೋಡುತ್ತದೆ. ಕಪ್ಪು ರಾಜನ ಪಕ್ಕದ ಆ ಮನೆಗೆ ಶುರುವಿನಲ್ಲಿ ರಾಜನೊಬ್ಬನದೇ ಕಾವಲು. ಆದರೆ ಎಫ್ ಪಾನ್ ಹೋದ ಮೇಲೆ ಬಿಳಿ ರಾಜನ ಮನೆಯ ಬಾಗಿಲೂ ತೆರೆದಿರುತ್ತದೆ. ಕಪ್ಪು ರಾಣಿ ಎಚ್4ಕ್ಕೆ ಬಂದರೆ ಓರೆಯಲ್ಲಿ ಚೆಕ್. ಇಬ್ಬರಿಗೂ ಅಪಾಯ. 19ನೇ ಶತಮಾನದ ಆಟಗಾರರು ಇದಕ್ಕೇ ಮನಸೋತಿದ್ದರು.

ವಿಯೆನ್ನಾದಲ್ಲಿ ಗೆದ್ದವರು ರಷ್ಯಾದ ಮಿಖಾಯಿಲ್ ಚಿಗೋರಿನ್. 18 ಆಟಗಳಲ್ಲಿ 13 ಅಂಕ. ಆಗ ಅವರ ವಯಸ್ಸು 52. ನನಗೆ ಈ ಗೆಲುವು ಇಷ್ಟವಾಗಲು ಒಂದು ಕಾರಣವಿದೆ. ಅದಕ್ಕೆ ಹನ್ನೊಂದು ವರ್ಷ ಹಿಂದಕ್ಕೆ, ಹವಾನಾಕ್ಕೆ ಹೋಗಬೇಕು.

1892ರಲ್ಲಿ ಅಲ್ಲಿ ಚಿಗೋರಿನ್ ವಿಶ್ವ ಚಾಂಪಿಯನ್ ಸ್ಟೈನಿಟ್ಸ್ ಜೊತೆ ಪಟ್ಟಕ್ಕಾಗಿ ಆಡುತ್ತಿದ್ದರು. 23ನೇ ಆಟ. ಗೆದ್ದರೆ ಇಬ್ಬರದೂ ಒಂಬತ್ತೊಂಬತ್ತು ಗೆಲುವು. ಬಿಳಿ ಕಾಯಿ ಹಿಡಿದ ಚಿಗೋರಿನ್ ಆರಿಸಿದ್ದು ಕಿಂಗ್ಸ್ ಗ್ಯಾಂಬಿಟ್. ಆಟ ಚೆನ್ನಾಗಿಯೇ ಸಾಗಿತ್ತು, ಒಂದು ಕಾಯಿ ಜಾಸ್ತಿಯೂ ಇತ್ತು. ಸ್ಟೈನಿಟ್ಸ್‌ರ ಎರಡು ಆನೆಗಳು ಬಿಳಿಯ ಎರಡನೇ ಅಡ್ಡಸಾಲಿಗೆ ನುಗ್ಗಿ ಅಕ್ಕಪಕ್ಕ ನಿಂತಿದ್ದವು. ಮೂಲೆಯಲ್ಲಿ ಬಿಳಿ ರಾಜ, ಅದರ ಮುಂದೆ ಎಚ್2ರಲ್ಲಿ ಒಂದು ಪಾನ್. ಆ ಪಾನ್‌ಗಿದ್ದ ಆಸರೆ ಡಿ6ರಲ್ಲಿ ನಿಂತ ಬಿಳಿ ಬಿಷಪ್, ನಮ್ಮ ಒಂಟೆ. 32ನೇ ನಡೆಯಲ್ಲಿ ಚಿಗೋರಿನ್ ಆ ಒಂಟೆಯನ್ನೇ ಎತ್ತಿ ಬಿ4ಕ್ಕೆ ಇಟ್ಟರು. ಸ್ಟೈನಿಟ್ಸ್ ಆನೆಯಿಂದ ಎಚ್2 ಹೊಡೆದು ಚೆಕ್ ಕೊಟ್ಟರು. ಮುಂದಿನ ನಡೆಗೆ ಮೇಟ್. ಪಂದ್ಯ ಅಲ್ಲಿಗೆ ಮುಗಿಯಿತು, ಪಟ್ಟವೂ ಕೈತಪ್ಪಿತು.

ಮಕ್ಕಳಿಗೆ ಈ ಸ್ಥಿತಿಯನ್ನು ಬೋರ್ಡ್ ಮೇಲೆ ಜೋಡಿಸಿ ತೋರಿಸುತ್ತೇನೆ. ಒಂಟೆಯನ್ನು ಬಿ4ಕ್ಕೆ ಸರಿಸಿ ಸುಮ್ನೆ ಕಾಯುತ್ತೇನೆ. ಯಾರಾದರೂ ಒಬ್ಬರು "ಅಯ್ಯೋ" ಅಂತಾರೆ. ಅಷ್ಟು ದೊಡ್ಡ ಪೆಟ್ಟು ತಿಂದ ಓಪನಿಂಗನ್ನೇ ಮತ್ತೆ ಹಿಡಿದು, ತಮಗಿಂತ ಎಷ್ಟೋ ಚಿಕ್ಕವರ ನಡುವೆ ಆ ಮನುಷ್ಯ ಮೊದಲ ಸ್ಥಾನಕ್ಕೆ ಬಂದರು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಆದರೆ ತರಬೇತುದಾರನಾಗಿ ನನ್ನ ಗಮನ ಜಾಸ್ತಿ ಹೋಗುವುದು ಆ ಟೂರ್ನಿಯ ಜೋಡಣೆಯ ಮೇಲೆ. ಹತ್ತು ಜನ, ಒಬ್ಬೊಬ್ಬರಿಗೆ 18 ಆಟ. ಅಂದರೆ ಪ್ರತಿ ಜೋಡಿಗೂ ಎರಡು ಆಟ, ಒಂದು ಬಿಳಿಯಲ್ಲಿ, ಒಂದು ಕಪ್ಪಿನಲ್ಲಿ. ಬೆಳಿಗ್ಗೆಯಿಂದ ಸಂಜೆವರೆಗೆ "ಗ್ಯಾಂಬಿಟ್ ಅಂದ್ರೆ ಅಟ್ಯಾಕ್" ಎನ್ನುವವನೂ ಅರ್ಧ ಆಟಗಳಲ್ಲಿ ಆ ಅಟ್ಯಾಕನ್ನು ತಡೆದುಕೊಳ್ಳಬೇಕು. ಓಪನಿಂಗ್ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಇದಕ್ಕಿಂತ ನ್ಯಾಯವಾದ ದಾರಿ ನನಗೆ ಗೊತ್ತಿಲ್ಲ.

ಒಂದೇ ಕಡೆ ಕೂತರೆ ಏನಾಗುತ್ತದೆ ಎಂಬುದಕ್ಕೆ ಅದೇ ಕಾಲದ ರೈಸ್ ಗ್ಯಾಂಬಿಟ್ ಉದಾಹರಣೆ. ಜಲಾಂತರ್ಗಾಮಿ ಕಟ್ಟುವ ಎಲೆಕ್ಟ್ರಿಕ್ ಬೋಟ್ ಕಂಪನಿ ಶುರುಮಾಡಿದ ಅಮೆರಿಕದ ಐಸಾಕ್ ರೈಸ್ ಅವರಿಗೆ ಕಿಂಗ್ಸ್ ಗ್ಯಾಂಬಿಟ್‌ನ ಒಂದು ಕವಲಿನ ಮೇಲೆ ವಿಪರೀತ ಪ್ರೀತಿ. ಎಂಟನೇ ನಡೆಗೆ ಬಿಳಿ ತನ್ನ ಇ5ರ ಕುದುರೆಯನ್ನು ಹಾಗೇ ಬಿಟ್ಟು ಕ್ಯಾಸ್ಲಿಂಗ್ ಮಾಡುತ್ತದೆ. ಅದಕ್ಕಾಗಿ ಪಂದ್ಯ, ಟೂರ್ನಿ ಎಲ್ಲ ನಡೆಸಲು ಅವರು ಕೈತುಂಬ ಹಣ ಕೊಟ್ಟರು. 1903ರಲ್ಲೇ ಬ್ರೈಟನ್‌ನಲ್ಲಿ ವಿಶ್ವ ಚಾಂಪಿಯನ್ ಲಾಸ್ಕರ್ ಇದನ್ನು ಚಿಗೋರಿನ್ ಎದುರು ಆರು ಸಲ ಆಡಿದರು, ಆರರಲ್ಲೂ ಲಾಸ್ಕರ್‌ಗೇ ಬಿಳಿ. ಚಿಗೋರಿನ್ ಮೂರೂವರೆ-ಎರಡೂವರೆಯಿಂದ ಗೆದ್ದರು. ಲಾಸ್ಕರ್ ಅಂಥವರಿಗೇ ದಕ್ಕಲಿಲ್ಲ ಎಂದ ಮೇಲೆ ಉಳಿದವರ ಪಾಡು ಹೇಳಬೇಕಿಲ್ಲ. 1915ರಲ್ಲಿ ರೈಸ್ ತೀರಿಕೊಂಡ ಮೇಲೆ ಅದನ್ನು ಆಡುವವರೂ ಕಾಣಲಿಲ್ಲ.

ಇನ್ನೊಂದು ಟೂರ್ನಿ 1912ರಲ್ಲಿ ನಡೆಯಿತು, ಅಬ್ಬಾಝಿಯಾದಲ್ಲಿ. ಏಡ್ರಿಯಾಟಿಕ್ ಸಮುದ್ರದ ದಂಡೆಯ ಊರು. ಆಗ ಆಸ್ಟ್ರಿಯಾ-ಹಂಗೇರಿಯಲ್ಲಿತ್ತು, ಈಗ ಕ್ರೊಯೇಷಿಯಾದ ಒಪಾಟಿಯಾ. ಹನ್ನೆರಡು ಆಟಗಾರರು, ಮತ್ತೆ ಕಿಂಗ್ಸ್ ಗ್ಯಾಂಬಿಟ್, ಮತ್ತೆ ಎರಡೆರಡು ಆಟ. ಗೆದ್ದವರು ವಿಯೆನ್ನಾದ ರುಡಾಲ್ಫ್ ಸ್ಪೀಲ್‌ಮನ್, 28ರ ಹರೆಯ. ಕಿಂಗ್ಸ್ ಗ್ಯಾಂಬಿಟ್‌ನ ಕೊನೆಯ ವೀರ ಎಂದು ಚೆಸ್ ಜನ ಇವರನ್ನು ಕರೆದರು.

ಅಟ್ಯಾಕ್ ಆಡಿಸಲೆಂದೇ ನಡೆಸಿದ ಟೂರ್ನಿ ಇದು. ಆದರೆ ಈ ಊರಿನ ಹೆಸರು ಇವತ್ತು ಓಪನಿಂಗ್ ಪುಸ್ತಕಗಳಲ್ಲಿ ಉಳಿದಿರುವುದು ಒಂದು ಡಿಫೆನ್ಸ್‌ಗೆ. ಅಬ್ಬಾಝಿಯಾ ಡಿಫೆನ್ಸ್, ಇನ್ನೊಂದು ಹೆಸರು ಮಾಡರ್ನ್ ಡಿಫೆನ್ಸ್. ಮೂರನೇ ನಡೆಯಲ್ಲಿ ಬಿಳಿ ಕುದುರೆ ಎಫ್3ಕ್ಕೆ ಬಂದಾಗ ಕಪ್ಪು ಡಿ ಪಾನನ್ನು ಎರಡು ಮನೆ ತಳ್ಳಿ ಡಿ5ಕ್ಕೆ ಇಡುತ್ತದೆ. ಬಿಳಿ ಅದನ್ನು ಹೊಡೆದರೆ ಪಾನ್‌ಗಳ ಲೆಕ್ಕ ಸಮ. ಸಾಲ ತೀರಿತು. ಕಪ್ಪು ಕುದುರೆ ಎಫ್6ಕ್ಕೆ ಬಂದು ಡಿ5ರ ಪಾನಿನ ಮೇಲೆ ಕಣ್ಣಿಡುತ್ತದೆ. ರಾಣಿ ಬದಿಯ ಒಂಟೆಗೆ ದಾರಿ ತೆರೆಯುತ್ತದೆ. ಬಿಳಿಯ ಎಫ್ ಪಾನ್ ಮಾತ್ರ ಹೋಗಿಯೇ ಹೋಯಿತು, ರಾಜನ ಬಾಗಿಲು ತೆರೆದೇ ಇದೆ. ಸಿಕ್ಕ ಪಾನನ್ನು ಹೇಗಾದರೂ ಉಳಿಸಿಕೊಳ್ಳಬೇಕು ಎಂದು ಜಿ5ಕ್ಕೆ ಪಾನ್ ತಳ್ಳುವ ಹಳೆಯ ದಾರಿಗಿಂತ ಇದು ಎಷ್ಟು ಸರಳ ನೋಡಿ.

ಕಪ್ಪಿನವರು ಹೀಗೆ ಕಲಿಯುತ್ತಾ ಹೋದರು. 1920ರ ದಶಕದಲ್ಲಿ ಸ್ಪೀಲ್‌ಮನ್ ತಾವೇ ಲೇಖನ ಬರೆದು, ತಮ್ಮ ಪ್ರೀತಿಯ ಗ್ಯಾಂಬಿಟ್ ಹಾಸಿಗೆ ಹಿಡಿದಿದೆ ಎಂದರು. ಅದನ್ನು ಬರೆಯುವಾಗ ಅವರಿಗೆ ಎಷ್ಟು ಸಂಕಟವಾಗಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹಾಗಂತ ಗ್ಯಾಂಬಿಟ್ ಸಾಯಲಿಲ್ಲ. 1960ರಲ್ಲಿ, ಮುಂದೆ ವಿಶ್ವ ಚಾಂಪಿಯನ್ ಆದ ಸ್ಪಾಸ್ಕಿ ಇದನ್ನೇ ಆಡಿ, ಅವರಂತೆಯೇ ಚಾಂಪಿಯನ್ ಆಗಲಿದ್ದ ಫಿಷರ್‌ರನ್ನು ಸೋಲಿಸಿದರು. ಫಿಷರ್ ಮರುವರ್ಷ ಇದು ಬಿದ್ದುಹೋದ ಓಪನಿಂಗ್ ಎಂದು ಬರೆದು, ಮುಂದೆ ತಾವೇ ಬಿಳಿಯಲ್ಲಿ ಆಡಿ ಗೆದ್ದರು. ಈಗ ಕಂಪ್ಯೂಟರ್‌ಗಳ ನಡುವೆ ನಡೆಯುವ ಟಿಸಿಇಸಿ ಟೂರ್ನಿಯಲ್ಲೂ ಓಪನಿಂಗನ್ನು ಮೊದಲೇ ಗೊತ್ತುಮಾಡಿ, ಅದನ್ನೇ ಬಣ್ಣ ಬದಲಿಸಿ ಎರಡು ಸಲ ಆಡಿಸುತ್ತಾರೆ. ಇಲ್ಲದಿದ್ದರೆ ಡ್ರಾ ಮೇಲೆ ಡ್ರಾ. ವಿಯೆನ್ನಾದ ಉಪಾಯ ಇನ್ನೂ ಕೆಲಸಕ್ಕೆ ಬರುತ್ತಿದೆ.

ನಮ್ಮ ತರಗತಿಯಲ್ಲೂ ಹಾಗೆಯೇ. ಕಳೆದ ಸಲ ಹತ್ತು ವರ್ಷದ ಹುಡುಗಿಯೊಬ್ಬಳು ಮೊದಲ ಆಟ ಕಪ್ಪಿನಲ್ಲಿ ಆಡಿದಳು. ಪಾನ್ ತಿಂದಳು, ಅದನ್ನು ಕಾಯಲು ಜಿ5, ಆಮೇಲೆ ಜಿ4. ಎದುರಿನ ಹುಡುಗ ಕುದುರೆಯನ್ನು ಬಿಟ್ಟು ಕ್ಯಾಸ್ಲಿಂಗ್ ಮಾಡಿದ. ಅವಳು ಕುದುರೆಯನ್ನೂ ತಿಂದಳು. ಮುಖದಲ್ಲಿ ಖುಷಿಯೋ ಖುಷಿ. ಹದಿನೈದನೇ ನಡೆಗೆ ನೋಡಿದರೆ ರಾಣಿ ಬದಿಯ ಆನೆ, ಕುದುರೆ, ಒಂಟೆ ಮೂರೂ ಮನೆ ಬಿಟ್ಟು ಕದಲಿರಲಿಲ್ಲ. ಎಫ್ ಸಾಲಿನಲ್ಲಿ ಬಿಳಿ ರಾಣಿ, ಆನೆ ಎರಡೂ ಬಂದು ನಿಂತಿದ್ದವು. ಸೋತಳು. ಎರಡನೇ ಆಟದಲ್ಲಿ ಬಿಳಿ ಹಿಡಿದು ಅದೇ ಅಟ್ಯಾಕನ್ನು ತಾನೇ ಮಾಡಿದಳು, ಗೆದ್ದಳು. ಎದುರಾಳಿ ಯಾವ ನಡೆ ಆಡಿದಾಗ ನಿನಗೆ ಭಯವಾಯಿತು ಎಂದು ಕೇಳಿದೆ. "ಅವನು ಡಿ ಪಾನ್ ತಳ್ಳೋಕೆ ಬಂದಾಗ. ಆಮೇಲೆ ಬೇರೆ ಏನೋ ಆಡಿದ" ಎಂದಳು.

ಮೂರನೇ ಆಟದಲ್ಲಿ ಮತ್ತೆ ಕಪ್ಪು. ಮೂರನೇ ನಡೆಗೆ ಐದು ನಿಮಿಷ ಯೋಚಿಸಿ ಡಿ ಪಾನನ್ನು ಎರಡು ಮನೆ ತಳ್ಳಿದಳು. ನಾನು ಹೇಳಿಕೊಟ್ಟಿರಲಿಲ್ಲ. ಆಟ ಡ್ರಾ ಆಯಿತು. ಆಮೇಲೆ ಸ್ಕೋರ್ ಶೀಟ್ ತಂದು, "ಇದಕ್ಕೆ ಹೆಸರು ಇದೆಯಾ ಸರ್?" ಅಂದಳು. ಹೇಳಿದೆ. ಶೀಟಿನ ಮೇಲ್ಗಡೆ ಪೆನ್ಸಿಲಿನಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಬರೆದುಕೊಂಡಳು: ಅಬ್ಬಾಝಿಯಾ.