ಕಾಣದವನಿಗೆ ಕಣ್ಣು ಕಾಣುತ್ತದೆಯೇ?

2020ರ ‘ದಿ ಇನ್ವಿಸಿಬಲ್ ಮ್ಯಾನ್’ ಸಿನಿಮಾದಲ್ಲಿ ಕ್ಯಾಮೆರಾ ಆಗಾಗ ಖಾಲಿ ಮೂಲೆಯತ್ತ ತಿರುಗಿ ಅಲ್ಲೇ ನಿಲ್ಲುತ್ತದೆ. ಅಲ್ಲಿ ಯಾರೂ ಇಲ್ಲ. ಆದರೂ ನಾವು ಕುರ್ಚಿ, ಬಾಗಿಲನ್ನೆಲ್ಲ ಅನುಮಾನದಿಂದ ನೋಡುತ್ತೇವೆ. ಹೆದರಿಸಲು ಅಷ್ಟು ಸಾಕು. ನನಗೆ ಅದಕ್ಕಿಂತ ಹಿಡಿಸಿದ್ದು, ಎಚ್.ಜಿ. ವೆಲ್ಸ್ ಬರೆದ 1897ರ ಮೂಲ ಕಾದಂಬರಿಯ ಒಂದು ದೊಡ್ಡ ತೊಡಕನ್ನು ನಿರ್ದೇಶಕ ಲೀ ವ್ಯಾನೆಲ್ ದಾಟಿದ ರೀತಿ.

ಕಾದಂಬರಿಯ ಗ್ರಿಫಿನ್ ತನ್ನ ಮೈಯನ್ನೇ ಪಾರದರ್ಶಕ ಮಾಡಿಕೊಳ್ಳುತ್ತಾನೆ. ಅವನ ವಾದ ಬರೀ ಬುರುಡೆಯಲ್ಲ. ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಬೆಳಕು ಬಾಗುತ್ತದೆ, ಸ್ವಲ್ಪ ವಾಪಸ್ ಚಿಮ್ಮುತ್ತದೆ. ಬಾಗುವಿಕೆಯ ಅಳತೆಯೇ ವಕ್ರೀಭವನ ಸೂಚ್ಯಂಕ. ಗಾಳಿಗೆ ಅದು ಹೆಚ್ಚುಕಡಿಮೆ 1, ನೀರಿಗೆ 1.33, ಮಾಮೂಲಿ ಗಾಜಿಗೆ ಸುಮಾರು 1.5. ಗಾಜಿನ ಪುಡಿ ಗಾಳಿಯಲ್ಲಿ ಬೆಳ್ಳಗೆ ಕಾಣುತ್ತದೆ, ನೀರಿಗೆ ಹಾಕಿದರೆ ಬಹುಪಾಲು ಮಾಯವಾಗುತ್ತದೆ. ಅಂಕಿಗಳು ಹತ್ತಿರ ಬಂದಷ್ಟೂ ಬೆಳಕು ಚದುರುವುದು ಕಡಿಮೆ. ಗ್ರಿಫಿನ್ ತನ್ನ ಮೈಯ ಅಂಕಿಯನ್ನು ಗಾಳಿಯ ಮಟ್ಟಕ್ಕೆ ಇಳಿಸುತ್ತಾನೆ.

ಆದರೆ ಕಣ್ಣಿನ ಗತಿ? ನೋಡಬೇಕಾದರೆ ಮಸೂರ ಬೆಳಕನ್ನು ಬಾಗಿಸಬೇಕು, ರೆಟಿನಾ ಅದನ್ನು ಹೀರಿಕೊಳ್ಳಬೇಕು. ಪೂರ್ತಿ ಪಾರದರ್ಶಕನಾದವನಲ್ಲಿ ಇವೆರಡೂ ನಡೆಯುವುದಿಲ್ಲ. ಯಾರಿಗೂ ಕಾಣದವನಿಗೆ ಏನೂ ಕಾಣುವುದಿಲ್ಲ. ಅವನಿಗೇ ಜಾಸ್ತಿ ಭಯ ಆಗಬೇಕು, ಅಲ್ವಾ?

ಸಿನಿಮಾ ನೋಡದವರು ಕ್ಷಮಿಸಿ, ಗುಟ್ಟು ಬಿಟ್ಟುಕೊಡುತ್ತಿದ್ದೇನೆ. ಇಲ್ಲಿ ಖಳನಾಯಕ ಮೈತುಂಬ ಪುಟ್ಟ ಕ್ಯಾಮೆರಾಗಳಿರುವ ಸೂಟ್ ತೊಡುತ್ತಾನೆ. ಅವನ ಕಣ್ಣಿಗೆ ಏನೂ ಆಗಿಲ್ಲ, ಮೋಸವೆಲ್ಲ ಹೊರಗಿನದು: ಅವನ ಹಿಂದಿನ ನೋಟವನ್ನು ಸೂಟೇ ಮುಂದೆ ತೋರಿಸಬೇಕು. ಜಾಣ ಉಪಾಯವೇ. ಆದರೂ ಪೂರ್ತಿ ಒಪ್ಪಲು ಆಗುವುದಿಲ್ಲ. ಎಡಗಡೆ ನಿಂತವರಿಗೆ ಅವನ ಹಿಂದೆ ಕಾಣಬೇಕಾದ ಗೋಡೆಯೇ ಬೇರೆ, ಬಲಗಡೆಯವರಿಗೇ ಬೇರೆ. ಸೂಟಿನ ಪ್ರತಿ ಚುಕ್ಕೆಯೂ ಒಂದೊಂದು ದಿಕ್ಕಿಗೆ ಒಂದೊಂದು ಬಣ್ಣದ ಬೆಳಕು ಚೆಲ್ಲಬೇಕು, ಅದೂ ಅವನು ಓಡಾಡುತ್ತಿರುವಾಗಲೇ.

ಹಾಗಂತ ಗ್ರಿಫಿನ್‌ನ ಲೆಕ್ಕ ಮೂಲೆ ಸೇರಿಲ್ಲ. 2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ತಿಂಡಿಗಳಿಗೆ ಹಾಕುವ ಟಾರ್ಟ್ರಜೀನ್ ಎಂಬ ಹಳದಿ ಬಣ್ಣವನ್ನು ನೀರಿನಲ್ಲಿ ಕರಗಿಸಿ ಇಲಿಯ ಹೊಟ್ಟೆಗೆ ಸವರಿದರು. ಚರ್ಮದೊಳಗಿನ ನೀರಿಗೂ ಕೊಬ್ಬಿಗೂ ಅಂಕಿ ಹೊಂದದ ಕಾರಣ ಬೆಳಕು ಚದುರುತ್ತದೆ. ಈ ಬಣ್ಣ ನೀರಿನ ಅಂಕಿಯನ್ನು ಕೊಬ್ಬಿನ ಹತ್ತಿರಕ್ಕೆ ತಂದಿತು. ಗ್ರಿಫಿನ್ ಇಳಿಸಲು ಹೊರಟಿದ್ದ, ಇವರು ಏರಿಸಿದರು! ಕೆಲವು ನಿಮಿಷಗಳಲ್ಲಿ ಚರ್ಮದ ಮೂಲಕ ಒಳಗಿನ ಅಂಗಗಳು ಕಂಡವು. ನೀರಿನಲ್ಲಿ ತೊಳೆದಾಗ ಚರ್ಮ ಮೊದಲಿನಂತಾಯಿತು. ಮನುಷ್ಯರ ಚರ್ಮ ಇದಕ್ಕಿಂತ ದಪ್ಪ, ಅಷ್ಟು ಸುಲಭವಲ್ಲ. ಸಂಶೋಧಕರಿಗೆ ಯಾರನ್ನೂ ಮಾಯ ಮಾಡುವ ಆಸೆಯೂ ಇಲ್ಲ. ರಕ್ತ ತೆಗೆಯುವಾಗ ರಕ್ತನಾಳ ಸುಲಭವಾಗಿ ಸಿಗುವಂತಾದರೆ ಅದೇ ಅವರಿಗೆ ದೊಡ್ಡದು.