ಲೈನರ್ ಕನ್ನಡಿಯಂತೆ ಹೊಳೆಯುತ್ತಿದೆ, ಮತ್ಯಾಕೆ ಬಿಚ್ಚಬೇಕು?

ಲೈನರ್ ಅಂದರೆ ಎಂಜಿನ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆ. ಅದರ ಮೇಲಿನ ಮುಚ್ಚಳ ಹೆಡ್, ಪಿಸ್ಟನ್ ಸುತ್ತ ಕೂರುವ ಬಳೆ ರಿಂಗ್. ಕಬ್ಬಿನ ಹಂಗಾಮು ಮುಗಿದರೆ ಸಾಕು, ಮುಧೋಳ, ಜಮಖಂಡಿ ಕಡೆಯಿಂದ ಇದೇ ಪ್ರಶ್ನೆ: "ಸರ, ಟ್ರ್ಯಾಕ್ಟರ್ ಹೆಡ್ ಬಿಚ್ಚಿ ನೋಡೇವಿ. ಲೈನರ್ ಕನ್ನಡಿ ಹಂಗ ಹೊಳೀತೈತಿ. ಬರೇ ರಿಂಗ್ ಹಾಕಿದ್ರ ಸಾಕಲ್ರಿ?"

ಸಾಕಾಗಲ್ಲ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ಹೊಳಪೇ ತೊಂದರೆ.

ಹೊಸ ಲೈನರನ್ನು ಬೆಳಕಿಗೆ ಹಿಡಿಯಿರಿ. ಒಳಗೆ ಮಂಕಾಗಿರುತ್ತದೆ. ಒಂದನ್ನೊಂದು ದಾಟುವ ಸಣ್ಣ ಓರೆ ಗೀರುಗಳು ಕಾಣುತ್ತವೆ. ಹೋನಿಂಗ್, ಅಂದರೆ ಸಾಣೆ ಕಲ್ಲಿನಿಂದ ಒಳಮೈ ಉಜ್ಜುವಾಗ ಬೇಕಂತಲೇ ಎಳೆದ ಗೀರು ಅವು. ಆಯಿಲ್ ನಿಲ್ಲುವುದೇ ಅಲ್ಲಿ. ಅವು ಸವೆದು ನುಣುಪಾದರೆ ಆಯಿಲ್ ನಿಲ್ಲಲ್ಲ, ಹೊಸ ರಿಂಗ್ ಕೂರಲ್ಲ. ಬ್ರೀದರ್‌ನಲ್ಲಿ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪ್) ಹೊಗೆ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ. ಬೈಗುಳ ಮಾತ್ರ ರಿಂಗ್ ಮಾರಿದವನಿಗೆ!

ಮೇಲಿನ ಅಂಚಿನಿಂದ ಉಗುರು ಇಳಿಸಿ ನೋಡಿ. ಮೇಲಿನ ರಿಂಗ್ ಮೇಲೆ ಹೋಗಿ ವಾಪಸ್ ತಿರುಗುವ ಜಾಗದಲ್ಲಿ ಟಕ್ಕಂತ ಸಿಕ್ಕಿಕೊಂಡರೆ ಸವೆತ ಜೋರಾಗಿದೆ. ಬೆಂಕಿ, ಒತ್ತಡ ಎರಡೂ ಅಲ್ಲೇ ಜಾಸ್ತಿ. ಆದರೆ ಉಗುರು ಅಳತೆಯಲ್ಲ. ಬೋರ್ ಗೇಜ್ (ಒಳವ್ಯಾಸ ಅಳೆಯುವ ಸಾಧನ) ಇಳಿಸಿ ಮೇಲೆ, ನಡುವೆ, ಕೆಳಗೆ ಅಳೆಯಬೇಕು. ಪ್ರತಿ ಕಡೆ ಎಂಜಿನ್ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಕಂಪನಿ ಪುಸ್ತಕದ ಮಿತಿ ದಾಟಿದ್ದರೆ ಲೈನರ್ ಬದಲಿಸಿ. ಮಿತಿಯೊಳಗಿದ್ದರೆ ಹೋನಿಂಗ್ ಮಾಡಿಸಿ.

ಹೋನಿಂಗ್ ಆದ ಮೇಲೆ ಡೀಸೆಲ್‌ನಲ್ಲಿ ಅದ್ದಿ ಬನಿಯನ್ ಬಟ್ಟೆ ಚೂರಿನಿಂದ ಒರೆಸಿ ಜೋಡಿಸುವವರೇ ಹೆಚ್ಚು. ಕಲ್ಲಿನ ಪುಡಿ ಗೀರಿನಲ್ಲೇ ಉಳಿಯುತ್ತದೆ, ಹೊಸ ರಿಂಗನ್ನು ತಿನ್ನುತ್ತದೆ. ಬಿಸಿನೀರು, ಸೋಪಿನ ಪುಡಿ, ಬ್ರಷ್ ಹಾಕಿ ತಿಕ್ಕಿ. ಬಿಳಿ ಬಟ್ಟೆ ಒರೆಸಿದರೆ ಬಿಳಿಯಾಗೇ ಬರಬೇಕು. ಒಣಗಿದ ತಕ್ಷಣ ಆಯಿಲ್ ಸವರಿ, ಇಲ್ಲದಿದ್ದರೆ ತುಕ್ಕು.

ಲೈನರ್ ಬಿಚ್ಚುವಾಗ ಪುಲ್ಲರ್ (ಎಳೆದು ತೆಗೆಯುವ ಸಾಧನ) ಬಳಸಿ. ಕೆಳಗಿನಿಂದ ಕಟ್ಟಿಗೆ ಇಟ್ಟು ಸುತ್ತಿಗೆ ಹೊಡೆಯಬೇಡಿ. ಯಾವ ಲೈನರ್ ಎಲ್ಲಿಯದು, ಯಾವ ಮುಖ ಮುಂದೆ ಎಂದು ಮೊದಲೇ ಗುರುತು ಹಾಕಿ.

ಇಷ್ಟೆಲ್ಲ ಕೇಳುವವರು ಲೈನರ್ ಬೆನ್ನನ್ನು ನೋಡುವುದೇ ಇಲ್ಲ. ನೀರು ತಾಗುವ ಲೈನರ್ ಆದರೆ ತಿರುಗಿಸಿ ನೋಡಿ. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕಿದ್ದರೆ ವಾಟರ್ ಹೀಟರ್ ಕಾಯಿಲ್ ಮೇಲಿನಂಥ ಬಿಳಿ ಪದರ ಕಟ್ಟಿರುತ್ತದೆ. ಶಾಖ ಹೊರಗೆ ಹೋಗಲ್ಲ. ಒಂದು ಪಕ್ಕದಲ್ಲಿ ಮಾತ್ರ ಸೂಜಿ ಚುಚ್ಚಿದಂಥ ಗುಳಿಗಳಿದ್ದರೆ ಸುಮ್ನೆ ತುಕ್ಕು ಎನ್ನಬೇಡಿ. ಪಿಸ್ಟನ್ ಬಡಿತಕ್ಕೆ ಲೈನರ್ ನಡುಗುತ್ತದೆ, ನೀರಿನಲ್ಲಿ ಗುಳ್ಳೆ ಎದ್ದು ಒಡೆಯುತ್ತವೆ, ಒಡೆದಾಗಲೆಲ್ಲ ಲೋಹ ಕೀಳುತ್ತದೆ. ರೇಡಿಯೇಟರ್‌ನಲ್ಲಿ ಕಂಪನಿ ಹೇಳಿದ ಕೂಲಂಟ್ (ಎಂಜಿನ್ ತಂಪಿಡುವ ದ್ರವ) ಇದ್ದರೆ ಇದಕ್ಕೆ ತಡೆ.

ಒಬ್ಬರು ತಂದ ಲೈನರ್ ಬೆನ್ನಿನಿಂದ ಒಳಗಿನವರೆಗೂ ತೂತಾಗಿತ್ತು. ಒಳಗೆ ಹೋನಿಂಗ್ ಗೀರು ಇನ್ನೂ ಹಾಗೇ ಇತ್ತು.