ಕಿಟಕಿಯ ಸರಳಿನ ಮೇಲೆ ಕೂತ ಕಡಲು

ಕಾರವಾರದ ನಮ್ಮ ಮನೆಗೆ ಶಿರಸಿಯ ಭಾವ ಬಂದಾಗಲೆಲ್ಲ ಕಿಟಕಿಯ ಸರಳು ಮುಟ್ಟಿ ನೋಡುತ್ತಾರೆ. ಬೆರಳಿಗೆ ತುಕ್ಕು ಹತ್ತುತ್ತದೆ. "ನಿಮ್ಮೂರಲ್ಲಿ ಕಬ್ಬಿಣ ಹಾಕ್ಸೋದು ಅಂದ್ರೆ ಗೆದ್ದಲಿಗೆ ಊಟ ಹಾಕಿದಂಗೆ ಮಾರಾಯಾ" ಅನ್ನುತ್ತಾರೆ.

ಹೋದ ಏಪ್ರಿಲ್‌ನಲ್ಲಿ ಸುಮ್ನೆ ಒಂದು ಆಟ ಆಡಿದೆ. ಇನ್ವರ್ಟರ್ ಬ್ಯಾಟರಿಗೆ ತಂದಿದ್ದ ಡಿಸ್ಟಿಲ್ಡ್ ವಾಟರ್‌ನಲ್ಲಿ ಹತ್ತಿ ಅದ್ದಿ, ಕಡಲ ಕಡೆಯ ಕಿಟಕಿಯ ಗಾಜು ಒರೆಸಿ, ಹಿಂಡಿದ ನೀರನ್ನು ಸ್ಟೀಲ್ ತಟ್ಟೆಯಲ್ಲಿ ಬಿಸಿಲಿಗಿಟ್ಟೆ. ಮಧ್ಯಾಹ್ನ ಲೆನ್ಸ್ ಹಿಡಿದು ನೋಡಿದರೆ ಪುಟ್ಟ ಪುಟ್ಟ ಚೌಕ ಹರಳುಗಳು. ನಡುವೆ ಒಂದಿಷ್ಟು ಕೆಂಪು ಮಣ್ಣು. ತಟ್ಟೆ ಒಳಗೆ ತಂದಿಟ್ಟು ಮರೆತೆ. ರಾತ್ರಿ ನೋಡಿದರೆ ಹರಳೇ ಇಲ್ಲ, ತಟ್ಟೆ ಬೆವೆತಿತ್ತು.

ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಅಡುಗೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಆಸೆಬುರುಕ, ಅದಕ್ಕೆ 33 ಶೇಕಡಾ ಸಾಕು. ಸಾಣಿಕಟ್ಟಾ ಉಪ್ಪು ಭರಣಿಯಲ್ಲಿ ನೀರೊಡೆಯುತ್ತದಲ್ಲ, ಅದೇ ಕತೆ. ಸರಳಿನ ಮೇಲಿನ ಉಪ್ಪಿನ ಪಸೆ ಆರುವುದೇ ಇಲ್ಲ. ತುಕ್ಕಿಗೆ ಇನ್ನೇನು ಬೇಕು?

ಈ ಉಪ್ಪು ಗಾಳಿಗೆ ಏರುವ ಬಗೆ ಚಂದ. ಅಲೆ ಒಡೆದಾಗ ನೊರೆ ಬರುತ್ತದೆ. ನೊರೆಯ ಒಂದೊಂದು ಗುಳ್ಳೆಯೂ ಸಿಡಿಯುವಾಗ ಅದರ ಮೇಲಿನ ತೆಳು ಪೊರೆ ಹರಿದು ಸಣ್ಣ ಹನಿಗಳಾಗುತ್ತದೆ. ಗುಳ್ಳೆ ಇದ್ದ ಗುಂಡಿ ಮುಚ್ಚಿಕೊಳ್ಳುವಾಗ ನಡುವಿಂದ ನೀರಿನ ಎಳೆ ಚಿಮ್ಮಿ ಇನ್ನೊಂದಿಷ್ಟು ಹನಿ ಹಾರುತ್ತವೆ. ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಹನಿಯ ನೀರು ಗಾಳಿಯಲ್ಲಿ ಆರುತ್ತಾ ಹೋದಂತೆ ಆ ಉಪ್ಪಿನ ಕಣ ಉಳಿಯುತ್ತದೆ. ಹಗಲಿನ ಕಡಲ ಗಾಳಿ ಅದನ್ನು ನೇರ ನಮ್ಮ ಕಿಟಕಿಗೆ ತಂದು ಬಡಿಯುತ್ತದೆ.

ಹಾಗಾದರೆ ಮಣ್ಣು ಎಲ್ಲಿಯದು? ಜಾಸ್ತಿ ಪಾಲು ಹೆದ್ದಾರಿಯದ್ದೇ ಇರಬೇಕು. ಆದರೆ ಅಷ್ಟೇ ಅಲ್ಲ. ಮಳೆಗಾಲದ ಹೊಸ್ತಿಲಲ್ಲಿ ಅರಬ್ಬೀ ಸಮುದ್ರದ ಮೇಲೆ ಅರೇಬಿಯಾದ ಮರುಭೂಮಿಯ ಧೂಳೂ ತೇಲುತ್ತಿರುತ್ತದೆ. ಒಮಾನ್ ನಮಗೆ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರ. ಮರಳಿನ ಕಾಳು ಅಷ್ಟು ದೂರ ಬರುವುದಿಲ್ಲ, ಅದು ನೆಲದ ಮೇಲೆ ಕುಪ್ಪಳಿಸುತ್ತದೆ ಅಷ್ಟೇ. ಕುಪ್ಪಳಿಸಿ ಬಿದ್ದ ಏಟಿಗೆ ನೆಲದಿಂದ ಏಳುವ ಹಿಟ್ಟಿನಂಥ ಧೂಳು ಮಾತ್ರ ಮೇಲೇರಿ ಹೊರಡುತ್ತದೆ. ಅದರಲ್ಲಿ ಬೆಣಚುಕಲ್ಲಿನ ಪುಡಿ, ಜೇಡಿ, ಸುಣ್ಣಕಲ್ಲು, ಕಬ್ಬಿಣದ ಆಕ್ಸೈಡ್ ಇರುತ್ತವೆ. ಈ ಧೂಳು ಬಿಸಿಲು ಹೀರಿ ಸಮುದ್ರದ ಮೇಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ಅದರಿಂದ ಒಂದು ವಾರದೊಳಗೆ ಭಾರತದ ಮಳೆ ಹೆಚ್ಚಬಹುದು ಎಂದು 2014ರ ಒಂದು ಅಧ್ಯಯನ ತೋರಿಸಿತು. ಧೂಳನ್ನು ಬೈಯುವ ಮೊದಲು ಎರಡು ಸಲ ಯೋಚಿಸಬೇಕು ಅಲ್ವಾ!

ಎಲ್ಲ ಕಲಸಿಹೋದ ಮೇಲೆ ಯಾವುದು ಎಲ್ಲಿಂದ ಬಂತು ಅಂತ ಕಂಡುಹಿಡಿಯುವುದು ಹೇಗೆ? ಲೆಕ್ಕ ಸರಳ. ಕಡಲ ನೀರಿನಲ್ಲಿ 100 ಗ್ರಾಂ ಸೋಡಿಯಂಗೆ ಕ್ಯಾಲ್ಸಿಯಂ ಸುಮಾರು 4 ಗ್ರಾಂ. ಯಾವ ಸಾಗರಕ್ಕೆ ಹೋದರೂ ಹೆಚ್ಚುಕಮ್ಮಿ ಇದೇ ಪ್ರಮಾಣ. ಗಾಳಿಯ ಕಣಗಳಲ್ಲಿ ಅದಕ್ಕಿಂತ ಜಾಸ್ತಿ ಕ್ಯಾಲ್ಸಿಯಂ ಸಿಕ್ಕರೆ ಆ ಹೆಚ್ಚಿನದ್ದು ನೆಲದ್ದು. ನಮ್ಮ ಚಿರೆಕಲ್ಲಿನ ಮಣ್ಣಿನಿಂದ ಕ್ಯಾಲ್ಸಿಯಂ ಇರುವ ಸುಣ್ಣವೆಲ್ಲ ಮಳೆಗೆ ಎಂದೋ ತೊಳೆದುಹೋಗಿದೆ, ತೋಟಕ್ಕೆ ಸುಣ್ಣ ಹಾಕುವುದು ಅದಕ್ಕೇ ತಾನೇ? ಹಾಗಾಗಿ ಇಲ್ಲಿ ಕ್ಯಾಲ್ಸಿಯಂ ಏರಿದರೆ ಮರುಭೂಮಿಯ ಮೇಲೆ ಅನುಮಾನ ಪಡಬಹುದು. ಪಕ್ಕದಲ್ಲೇ ಯಾರೋ ಮನೆ ಕಟ್ಟಿಸುತ್ತಾ ಸಿಮೆಂಟ್ ಹಾರಿಸುತ್ತಿಲ್ಲ ಅಂತ ಮೊದಲು ನೋಡಿಕೊಳ್ಳಬೇಕು, ಅಷ್ಟೆ.

ಮೇ ತಿಂಗಳಲ್ಲಿ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೋದಾಗ ಬ್ಯಾಟರಿ ನೀರಿನ ಬಾಟಲಿಯನ್ನೂ ಒಯ್ದಿದ್ದೆ. ಭಾವನ ಮನೆಯ ಕಿಟಕಿ ಒರೆಸಿದರೆ ಹತ್ತಿಗೆ ಮಣ್ಣು ಬಂತು, ಬಚ್ಚಲೊಲೆಯ ಮಸಿ ಬಂತು. ಬಿಸಿಲಿಗಿಟ್ಟ ತಟ್ಟೆಯಲ್ಲಿ ಚೌಕ ಹರಳು ಒಂದೂ ಕಾಣಲಿಲ್ಲ. ಉಪ್ಪಿನ ದಪ್ಪ ಕಣಗಳು ಬಹಳಷ್ಟು ಕರಾವಳಿಯಲ್ಲೇ ಇಳಿದುಬಿಡುತ್ತವೆ.

ಭಾವ ಲೆನ್ಸ್ ಇಸಿದುಕೊಂಡು ತುಂಬಾ ಹೊತ್ತು ನೋಡಿದರು. "ಅಂದ್ರೆ ನಮ್ದು ಉಪ್ಪಿಲ್ಲದ ಊರು ಅಂತೀಯಾ?"